ದೊಡ್ಡ ಆಂಪ್ಲಿಫೈಯರ್ ತಂದರೆ ಬಾಸ್ ಹೆಚ್ಚುವುದೇ?

ಪ್ರಶ್ನೆ: ಐದು ಇಂಚಿನ ವೂಫರ್ (ಬಾಸ್ ನುಡಿಸುವ ಭಾಗ) ಇರುವ ಸ್ಪೀಕರ್ ಜೋಡಿ, 50 ವಾಟ್ ಆಂಪ್ಲಿಫೈಯರ್ ನನ್ನಲ್ಲಿವೆ. ಮೃದಂಗದ ತೊಪ್ಪಿಯ (ಎಡಮುಖದ) ನಾದ ತುಂಬಿ ಬರುವುದಿಲ್ಲ. ಡ್ಯಾಂಪಿಂಗ್ ಫ್ಯಾಕ್ಟರ್ 500 ಇರುವ 200 ವಾಟ್ ಆಂಪ್ಲಿಫೈಯರ್ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಕೊಳ್ಳಲೇ?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಸ್ಪೀಕರಿನ ಓಮ್ ಅನ್ನು ಆಂಪ್ಲಿಫೈಯರಿನ ಒಳರೋಧದಿಂದ ಭಾಗಿಸಿದರೆ ಬರುವುದೇ ಡ್ಯಾಂಪಿಂಗ್ ಫ್ಯಾಕ್ಟರ್. 8 ಓಮ್ ಸ್ಪೀಕರಿಗೆ ಅದು 500 ಎಂದರೆ ಆಂಪ್ಲಿಫೈಯರಿನ ಒಳರೋಧ 0.016 ಓಮ್, 50 ಎಂದರೆ 0.16 ಓಮ್. ವೂಫರಿನ ವಾಯ್ಸ್ ಕಾಯಿಲಿನ (ಸದ್ದು ಹೊರಡಿಸುವ ಕೋನನ್ನು ಅಲುಗಿಸುವ ತಂತಿ ಸುರುಳಿ) ರೋಧವೇ ಸುಮಾರು 6 ಓಮ್. ಆರರ ಜೊತೆ ಇವೆರಡರಲ್ಲಿ ಯಾವುದನ್ನು ಕೂಡಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯದು. ಈ ಸಂಖ್ಯೆ ತೋರಿಸಿ ಹಣ ಕೀಳುವುದು ಮೋಸ.

ವಾಟ್ ನಾಲ್ಕು ಪಟ್ಟಾದರೆ ಸಿಗುವುದು 6 ಡೆಸಿಬೆಲ್, ಅದೂ ಎಲ್ಲ ಸ್ವರಗಳಿಗೂ ಸಮನಾಗಿ. 80 ಹರ್ಟ್ಸ್‌ನಷ್ಟೇ ಗಟ್ಟಿಯಾಗಿ 40 ಹರ್ಟ್ಸ್ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಐದು ಇಂಚಿನ ಕೋನಿಗೆ ಅಷ್ಟು ಜಾಗವೆಲ್ಲಿದೆ?

ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ಸ್ಪೀಕರಿನ ಕೆಂಪು, ಕಪ್ಪು ತಂತಿಗಳನ್ನು ನೋಡಿ. ಒಂದರಲ್ಲಿ ಅದಲುಬದಲಾಗಿದ್ದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಬಾಸ್ ಅಳಿಸಿಹೋಗುತ್ತದೆ. ನನ್ನ ಬಳಿ ಬಂದ ಇಂಥ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿದಿವೆ. ಆಮೇಲೆ ಸ್ಪೀಕರನ್ನು ಗೋಡೆಯ ಹತ್ತಿರಕ್ಕೆ ಸ್ವಲ್ಪಸ್ವಲ್ಪವೇ ಸರಿಸಿ ಕೇಳಿ. ನೀವು ಕೂರುವ ಜಾಗವನ್ನೂ ಬದಲಿಸಿ. ಹನ್ನೆರಡು ಅಡಿ ಉದ್ದದ ಕೋಣೆಯ ನಡುಮಧ್ಯದಲ್ಲಿ 47 ಹರ್ಟ್ಸ್ ಸುತ್ತಲಿನ ನಾದ ಬಹಳ ಕುಗ್ಗುತ್ತದೆ.

ಸ್ಪೀಕರಿನ ಇಂಪಿಡೆನ್ಸ್ (ಸ್ವರಕ್ಕೆ ತಕ್ಕಂತೆ ಬದಲಾಗುವ ರೋಧ) 3 ಓಮ್‌ಗೆ ಇಳಿಯುವಂಥದ್ದಾದರೆ ಮಾತ್ರ ಆಂಪ್ಲಿಫೈಯರ್ ನಿಜಕ್ಕೂ ಮುಖ್ಯ. ಆಗ 8 ಓಮ್‌ಗೆ ಎಷ್ಟು ವಾಟ್ ಎಂಬುದಕ್ಕಿಂತ, 4 ಓಮ್‌ಗೆ ಅದು ಇಮ್ಮಡಿಯ ಸಮೀಪ ಬರುತ್ತದೆಯೇ ಎಂದು ನೋಡಿ. ಹೊಸ ಆಂಪ್ಲಿಫೈಯರನ್ನು ಕೊಳ್ಳಲೇಬೇಕಿದ್ದರೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ (ಬಾಸ್‌ಗಾಗಿಯೇ ಇರುವ ಬೇರೆ ಸ್ಪೀಕರ್) ಕಳಿಸಿ, ಸ್ಪೀಕರಿನ ಹೊರೆ ತಗ್ಗಿಸುವ ಸೌಲಭ್ಯ ಇರುವುದನ್ನೇ ಆರಿಸಿ. ಹಣ ಸಾರ್ಥಕವಾಗುವುದು ಅಲ್ಲಿ.

ಪ್ರಶ್ನೆ: ವಾಲ್ವ್ ಆಂಪ್ಲಿಫೈಯರಿನಲ್ಲಿ ಬಾಸ್ ತುಂಬುತ್ತದೆಯಂತೆ?

ಒಳರೋಧ ಹೆಚ್ಚಿರುವುದರಿಂದ ವೂಫರಿನ ಅನುರಣನದ (ಕೋನ್ ತಾನಾಗಿಯೇ ಹೆಚ್ಚು ಕಂಪಿಸುವ ಸ್ವರ) ಆಸುಪಾಸು ಬಾಸ್ ಉಬ್ಬುತ್ತದೆ. ಅದು ಆಳವಲ್ಲ.

ಪ್ರಶ್ನೆ: ಬೆಳ್ಳಿ ಲೇಪಿತ ಸ್ಪೀಕರ್ ತಂತಿ?

ಐದು ಮೀಟರಿಗೆ 2.5 ಚದರ ಮಿಲಿಮೀಟರಿನ ಸಾದಾ ತಾಮ್ರ ಸಾಕು.

ಪ್ರಶ್ನೆ: ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಬಹುದೇ?

10 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಹತ್ತು ಪಟ್ಟು ವಾಟ್ ಬೇಕು. ಸುಟ್ಟ ವಾಯ್ಸ್ ಕಾಯಿಲ್‌ಗಳು ನನ್ನ ಮೇಜಿಗೆ ಬರುವುದು ಹೀಗೆಯೇ. ದಯವಿಟ್ಟು ತಿರುಗಿಸಬೇಡಿ.