ಎಣ್ಮಕಜೆಯ ತೋಟ, ಪುತ್ತೂರಿನ ಮನೆ: ಆಡಳಿತ ಪತ್ರವನ್ನು ಪ್ರಶ್ನಿಸುವ ಬಗೆ

ತೀರಿಕೊಂಡ ನಿಮ್ಮ ಸೋದರಮಾವನವರ ಆಸ್ತಿಯನ್ನು ನೋಡಿಕೊಳ್ಳಲು ಬಂಧುವೊಬ್ಬರು ಕಾಸರಗೋಡಿನ ಜಿಲ್ಲಾ ನ್ಯಾಯಾಲಯದಿಂದ ‘ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್’, ಅಂದರೆ ಆಡಳಿತ ಪತ್ರ, ಪಡೆದಿದ್ದಾರೆ. ಅದನ್ನು ಬೆಂಗಳೂರಿನಲ್ಲೇ ಪ್ರಶ್ನಿಸಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಪತ್ರ ಕೊಟ್ಟ ನ್ಯಾಯಾಲಯದಲ್ಲೇ ಅದರ ರದ್ದತಿಗೆ ಅರ್ಜಿ ಹಾಕಬೇಕು, ಮೇಲ್ಮನವಿ ಹೋಗುವುದು ಎರ್ನಾಕುಳದ ಕೇರಳ ಹೈಕೋರ್ಟಿಗೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಮನೆತನಗಳ ಕೊಡು-ಕೊಳ್ಳುವಿಕೆ ಗಡಿಯನ್ನು ಲೆಕ್ಕಿಸಲಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿ ಅಡಿಕೆ ತೋಟ, ಕರ್ನಾಟಕದ ಪುತ್ತೂರಿನಲ್ಲಿ ಮನೆ, ಮಂಗಳೂರಿನ ಬ್ಯಾಂಕಿನಲ್ಲಿ ಠೇವಣಿ ಇರುವ ಕುಟುಂಬ ಇಲ್ಲಿ ಅಪರೂಪವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 273ನೇ ಕಲಮಿನ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಪತ್ರ ಸಾಮಾನ್ಯವಾಗಿ ಆ ರಾಜ್ಯದೊಳಗಿನ ಆಸ್ತಿಗೆ ಮಾತ್ರ ಅನ್ವಯಿಸುತ್ತದೆ. ಹೊರಗಿನ ಆಸ್ತಿಯ ಮೌಲ್ಯ 10,000 ರೂಪಾಯಿ ಮೀರುವುದಿಲ್ಲವೆಂದು ಅವರು ದೃಢೀಕರಿಸಿದರಷ್ಟೇ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಆದ್ದರಿಂದ ನಿಮ್ಮ ಬಂಧು ಕಾಸರಗೋಡಿನ ಪತ್ರ ಹಿಡಿದು ಪುತ್ತೂರಿನ ಮನೆಯ ಮೇಲೆ ಅಧಿಕಾರ ನಡೆಸುತ್ತಿದ್ದರೆ, ಅಂಥ ದೃಢೀಕರಣ ಇದೆಯೇ ಎಂದು ಮೊದಲು ನೋಡಿರಿ.

ಮುಂದಿನ ಪ್ರಶ್ನೆ, ನಿಮಗೆ ನೋಟೀಸು ಬಂದಿತ್ತೇ ಎಂಬುದು. ಆಡಳಿತ ಪತ್ರ ಕೊಡುವ ಮೊದಲು ನ್ಯಾಯಾಲಯ ಆಸಕ್ತರನ್ನು ಕರೆಯುವ ಪ್ರಕಟಣೆ ಹೊರಡಿಸಿದಾಗ, ಆಸ್ತಿಯ ಒಂದು ಭಾಗ ಬೇರೆ ರಾಜ್ಯದಲ್ಲಿದ್ದರೆ ಅದರ ಪ್ರತಿಯನ್ನು ಅಲ್ಲಿನ ಜಿಲ್ಲಾ ನ್ಯಾಯಾಧೀಶರಿಗೂ ಕಳುಹಿಸಬೇಕೆಂದು 283ನೇ ಕಲಮು ಹೇಳುತ್ತದೆ. ಗಡಿಯ ಆಚೀಚೆ ಬದುಕುವ ನಮಗೆ ಇದಕ್ಕಿಂತ ಉಪಯುಕ್ತವಾದ ಕಲಮು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅರ್ಜಿಯಲ್ಲಿ ಪುತ್ತೂರಿನ ಮನೆಯನ್ನೇ ಕಾಣಿಸದಿದ್ದರೆ ಮಂಗಳೂರಿನ ನ್ಯಾಯಾಲಯಕ್ಕೆ ಆ ಪ್ರತಿ ಹೋಗುವುದೇ ಇಲ್ಲ, ಮನೆಯನ್ನು ಮುಚ್ಚಿಟ್ಟ ಸುಳಿವು ಅಲ್ಲೇ ಸಿಗುತ್ತದೆ. ಕರೆಯಬೇಕಾದವರನ್ನು ಕರೆಯದೆ ಪಡೆದ ಪತ್ರ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಡೆದ ಪತ್ರ, ಮರಣಶಾಸನವೇ ಇಲ್ಲವೆಂದು ಪಡೆದ ಬಳಿಕ ಅದು ಸಿಕ್ಕಿದ ಸಂದರ್ಭ, ಇವೆಲ್ಲ 263ನೇ ಕಲಮಿನಡಿ ರದ್ದತಿಗೆ ಕಾರಣಗಳಾಗುತ್ತವೆ.

ಮೋಸವನ್ನು ಸಾಬೀತುಪಡಿಸುವುದು ಕಷ್ಟವೆಂದು ಹಲವರು ಕೈಚೆಲ್ಲುತ್ತಾರೆ. ಅಂಥವರು ಲೆಕ್ಕ ಕೇಳಬೇಕು. ಆಡಳಿತ ಪತ್ರ ಪಡೆದವರು 6 ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪಟ್ಟಿಯನ್ನೂ 1 ವರ್ಷದೊಳಗೆ ಬಂದ ಹಣ, ಖರ್ಚಾದ ಹಣದ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಸಕಾರಣವಿಲ್ಲದೆ ಬೇಕೆಂದೇ ಇದನ್ನು ತಪ್ಪಿಸಿದರೆ, ಅಥವಾ ಮುಖ್ಯ ವಿಷಯದಲ್ಲಿ ಸುಳ್ಳು ಲೆಕ್ಕ ಕೊಟ್ಟರೆ, ಅದೇ ರದ್ದತಿಗೆ ಕಾರಣವಾಗುತ್ತದೆ. ಕೊಯ್ಲಿನ ಅಡಿಕೆ ಮಾರಿದ ಚೀಟಿಗಳನ್ನು ವಕೀಲರಿಗೆ ಕೊಟ್ಟು, ನ್ಯಾಯಾಲಯದ ಕಡತದಲ್ಲಿರುವ ಲೆಕ್ಕದ ಜೊತೆ ತಾಳೆ ನೋಡಿಸಿರಿ.

ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು ಅಥವಾ 5 ವರ್ಷಕ್ಕಿಂತ ಹೆಚ್ಚು ಅವಧಿಗೆ ಗುತ್ತಿಗೆ ಕೊಡಲು ಆಡಳಿತ ಪತ್ರ ಪಡೆದವರಿಗೆ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದ ವ್ಯವಹಾರವನ್ನು ಆಸಕ್ತರು ರದ್ದುಪಡಿಸಿಕೊಳ್ಳಬಹುದು. ರದ್ದತಿಯ ಅರ್ಜಿ ಬಾಕಿಯಿರುವಾಗ ತೋಟ ಹಾಳಾಗದಂತೆ ತಾತ್ಕಾಲಿಕ ಆಡಳಿತಗಾರರನ್ನು ನೇಮಿಸಬೇಕೆಂದು 247ನೇ ಕಲಮಿನಡಿ ಕೋರಬಹುದು. ಈ ತಾತ್ಕಾಲಿಕ ಆಡಳಿತಗಾರರಿಗೆ ಆಸ್ತಿಯನ್ನು ಹಂಚುವ ಅಧಿಕಾರವಿರುವುದಿಲ್ಲ. ಪತ್ರ ಕ್ರಮಬದ್ಧವಾಗಿದ್ದು ಅದನ್ನು ಪಡೆದ ವ್ಯಕ್ತಿಯ ನಡವಳಿಕೆಯಷ್ಟೇ ಕೆಟ್ಟಿದ್ದರೆ, ಅವರನ್ನು ತೆಗೆದುಹಾಕಲು 301ನೇ ಕಲಮಿನಡಿ ನೇರವಾಗಿ ಹೈಕೋರ್ಟಿಗೆ ಹೋಗಬಹುದು.

ತಡಮಾಡಬೇಡಿ. ಹಿರಿಯರು ಕೂತು ಮಾತಾಡಿ ಮುಗಿಸಲಿ ಎಂದು ಕಾಯುವುದು ನಮ್ಮ ಕಡೆಯ ರೂಢಿ, ಆ ರೂಢಿಯ ಮೇಲೆ ನನಗೆ ಗೌರವವಿದೆ. ಆದರೆ ರದ್ದತಿಯ ಅರ್ಜಿಗೂ ಪರಿಮಿತಿ ಅಧಿನಿಯಮದ 137ನೇ ಅನುಚ್ಛೇದದ 3 ವರ್ಷಗಳ ಮಿತಿ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅಲ್ಲದೆ, ಪತ್ರ ರದ್ದಾಗುವ ಮೊದಲು ಅದನ್ನು ನಂಬಿ ಪ್ರಾಮಾಣಿಕವಾಗಿ ಹಣ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇರುವುದರಿಂದ ಆ ಹಣವನ್ನು ಅವರಿಂದ ಮತ್ತೆ ಕೇಳಲಾಗದು.

ಹಳೆಯ ಆಧಾರಪತ್ರಗಳು ಕನ್ನಡದಲ್ಲಿಯೂ ಈಚಿನ ತೀರ್ವೆ ರಶೀದಿಗಳು ಮಲಯಾಳದಲ್ಲಿಯೂ ಇರುವುದು ಇಲ್ಲಿ ಸಾಮಾನ್ಯ. ಎರಡನ್ನೂ ಓದಬಲ್ಲ ವಕೀಲರು ಕಾಸರಗೋಡಿನಲ್ಲೇ ಸಿಗುತ್ತಾರೆ. ಅವರ ಮೂಲಕ ಮೊದಲು ಆಡಳಿತ ಪತ್ರದ ಮೂಲ ಅರ್ಜಿಯ ದೃಢೀಕೃತ ನಕಲನ್ನು ತರಿಸಿಕೊಂಡು, ಅದರಲ್ಲಿ ವಾರಸುದಾರರೆಂದು ಯಾರ ಯಾರ ಹೆಸರು ಬರೆದಿದ್ದಾರೆಂದು ಓದಿರಿ.