ಹಳೆಯ ಆಲ್ಟೊ ಮೈಲೇಜ್ 17ರಿಂದ 12ಕ್ಕೆ ಇಳಿದಿದೆ, ಎಲ್ಲಿಂದ ನೋಡಿಕೊಂಡು ಬರಬೇಕು?

ನೀವು ಕೇಳಿರುವುದು ಇಷ್ಟು: 2008ರ ಆಲ್ಟೊ, 800 ಸಿಸಿ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಂತೆ ಇಂಜೆಕ್ಟರ್‌ಗಳು ಪೆಟ್ರೋಲ್ ಸಿಂಪಡಿಸುವ) ಎಂಜಿನ್, ಓಡಿರುವುದು ಒಂದು ಲಕ್ಷ ಹತ್ತು ಸಾವಿರ ಕಿ.ಮೀ. ವಾರವೆಲ್ಲ ಮೈಸೂರಿನ ಊರೊಳಗೆ, ಆಗಾಗ ಮಂಗಳೂರಿಗೆ. ಲೀಟರಿಗೆ 17 ಕೊಡುತ್ತಿದ್ದ ಗಾಡಿ ಈಗ 12 ಕೊಡುತ್ತಿದೆ. ಗ್ಯಾರೇಜಿನವರು ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನ್ (ಎಂಜಿನ್ ಒಳಗಿನ ಮಸಿ ತೆಗೆಯುವುದು) ಎಂದು ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಅದನ್ನು ಮಾಡಿಸಬೇಕಾ, ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಸಾಕಾ?

ಮ್ಯಾಗ್ನೆಟ್ ಬಿಟ್ಟುಬಿಡಿ, ಅದರಿಂದ ಪೆಟ್ರೋಲಿಗೆ ಏನೂ ಆಗುವುದಿಲ್ಲ. ಗ್ಯಾರೇಜಿನ ಪಟ್ಟಿಗೂ ಈಗಲೇ ಒಪ್ಪಬೇಡಿ. 17ರಿಂದ 12 ಅಂದರೆ ಹತ್ತಿರ ಹತ್ತಿರ ಶೇ 30 ನಷ್ಟ. ಕೊಳೆ ಹಿಡಿದ ಫಿಲ್ಟರ್‌ನಿಂದಲೋ ಒಂದು ಹಳೆ ಪ್ಲಗ್‌ನಿಂದಲೋ ಇಷ್ಟು ಬೀಳುವುದಿಲ್ಲ. ಈ ವಯಸ್ಸಿನ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಎರಡನ್ನು: ಯಾವುದೋ ಚಕ್ರದಲ್ಲಿ ಬ್ರೇಕ್ ಹಿಡಿದುಕೊಂಡಿರುವುದು, ಮತ್ತು ಎಂಜಿನ್ ಸರಿಯಾಗಿ ಕಾವೇರದೆ ಓಡುತ್ತಿರುವುದು. ಎರಡನ್ನೂ ಮನೆ ಮುಂದೆಯೇ ಪತ್ತೆ ಮಾಡಬಹುದು.

ಅದಕ್ಕೆ ಮುಂಚೆ, ಆ 12 ನಿಜವೇ ಎಂದು ಖಚಿತ ಮಾಡಿಕೊಳ್ಳಿ. ಐನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿ, ಮುಳ್ಳು ಕೆಳಗೆ ಬರುವವರೆಗೆ ಓಡಿಸಿ ಹಾಕುವ ಲೆಕ್ಕ ನಂಬುವಂಥದ್ದಲ್ಲ. ಬಂಕಿನಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಮೊದಲ ‘ಟಕ್’ಗೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300 ಕಿ.ಮೀ. ಓಡಿಸಿ ಅದೇ ಬಂಕು, ಅದೇ ಪಂಪಿಗೆ ಹೋಗಿ ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. 312 ಕಿ.ಮೀ.ಗೆ 21.4 ಲೀಟರ್ ಹಿಡಿದರೆ 14.6 ಬಂತು ಅಂತ ಲೆಕ್ಕ. ಊರೊಳಗಿನ ಲೆಕ್ಕ ಬೇರೆ, ಹೈವೇ ಲೆಕ್ಕ ಬೇರೆ ಇಡಿ. ಹಾಗೆಯೇ ಟೈರ್ ಸೈಜ್ ನೋಡಿ. ಈ ಗಾಡಿಗೆ ಕಂಪನಿ ಕೊಟ್ಟದ್ದು 145/80 ಆರ್12. ಹಿಂದಿನ ಮಾಲೀಕರು 13 ಇಂಚಿನ ರಿಮ್‌ಗೆ 145/80 ಟೈರ್ ಹಾಕಿಸಿದ್ದರೆ ಚಕ್ರದ ಸುತ್ತಳತೆ ಸುಮಾರು ಶೇ 5 ಹೆಚ್ಚಾಗಿರುತ್ತದೆ. ಗಾಡಿ 105 ಕಿ.ಮೀ. ಹೋದರೂ ಮೀಟರ್ ನೂರನ್ನೇ ತೋರಿಸುತ್ತದೆ. ಇಳಿದ ಮೈಲೇಜಿನಲ್ಲಿ ಒಂದಿಷ್ಟು ಹೀಗೆ ಬರೀ ಮೀಟರಿನ ಸುಳ್ಳೂ ಆಗಿರಬಹುದು.

ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಡ್ರೈವರ್ ಬಾಗಿಲಿನ ಬಳಿಯ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟು, ಅಥವಾ ಒಂದೆರಡು ಪಿಎಸ್‌ಐ ಜಾಸ್ತಿ. ಅದಕ್ಕಿಂತ ಮೇಲೆ ಹೋದರೆ ಮಳೆಯಲ್ಲಿ ಹಿಡಿತ ಹೋಗುತ್ತದೆ, ಟೈರ್ ನಡುವೆ ಬೇಗ ಸವೆಯುತ್ತದೆ. ಮುಂದಿನ ಟೈರ್ ಮೇಲೆ ಅಂಗೈಯನ್ನು ಅಡ್ಡಡ್ಡಲಾಗಿ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ಕಡೆ ನುಣುಪು, ವಾಪಸು ಬರುವಾಗ ಗರಗಸದಂತೆ ಚುಚ್ಚಿದರೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹಾಳಾಗಿದೆ, ಅಲೈನ್‌ಮೆಂಟ್ ಮಾಡಿಸಿ.

ಈಗ ಬ್ರೇಕ್. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ತಳ್ಳಿ. ಈ ಗಾಡಿಯ ತೂಕ ಏಳು ಕ್ವಿಂಟಲ್ ಚಿಲ್ಲರೆ. ಒಬ್ಬರೇ ತಳ್ಳಿದರೂ ಸಲೀಸಾಗಿ ಉರುಳಬೇಕು. ಆಮೇಲೆ ಎಂಟು ಹತ್ತು ಕಿ.ಮೀ. ಓಡಿಸಿ ಬನ್ನಿ. ಕೊನೆಯ ಒಂದು ಕಿ.ಮೀ.ನಲ್ಲಿ ಬ್ರೇಕ್ ಆದಷ್ಟು ಒತ್ತದೆ ನಿಧಾನ ಮಾಡಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ, ಹಿಡಿದ ಬ್ರೇಕ್ ಇದ್ದರೆ ಸುಡುತ್ತದೆ. ಮುಂದಿನ ಎರಡೂ ಒಂದೇ ಸಮ ಬೆಚ್ಚಗಿರಬೇಕು, ಹಿಂದಿನವು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಒಂದು ಚಕ್ರ ಮಾತ್ರ ಬೇರೆಯದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಕಳ್ಳ ಸಿಕ್ಕ ಹಾಗೆ. ಜಾಕ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಪ್ಯಾಡ್ ತುಸು ಉಜ್ಜುವ ಸದ್ದು ಬಂದರೆ ಪರವಾಗಿಲ್ಲ, ಚಕ್ರ ಕಚ್ಚಿ ನಿಲ್ಲಬಾರದು.

ಹಿಂದಿನ ಚಕ್ರವಾದರೆ ಹೆಚ್ಚಾಗಿ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸು ಜಾರುತ್ತಿರುವುದಿಲ್ಲ, ಇಲ್ಲವೇ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಜಾಮ್ ಆಗಿರುತ್ತದೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸುವ ಗಾಡಿಗಳಲ್ಲಿ ಇದು ಮಾಮೂಲು. ಮುಂದಿನದಾದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಒಣಗಿರಬಹುದು, ಪಿಸ್ಟನ್ ಹಿಡಿದಿರಬಹುದು, ಅಥವಾ ಬ್ರೇಕ್ ಹೋಸ್ ಒಳಗೇ ಊದಿಕೊಂಡು ಒತ್ತಡ ವಾಪಸು ಬಿಡದಿರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯಲು ಚಕ್ರ ಹಿಡಿದುಕೊಂಡಿರುವಾಗಲೇ ಬ್ಲೀಡರ್ ಸ್ಕ್ರೂ (ಬ್ರೇಕಿನಿಂದ ಗಾಳಿ, ಫ್ಲೂಯಿಡ್ ಹೊರಬಿಡುವ ಸ್ಕ್ರೂ) ಅರ್ಧ ಸುತ್ತು ಸಡಿಲಿಸಲು ಹೇಳಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ, ಹೋಸ್ ಬದಲಿಸಿ. ಬಿಡದಿದ್ದರೆ ಪಿನ್ ಅಥವಾ ಪಿಸ್ಟನ್. ಪಿನ್‌ಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿಸಿ. ಗ್ಯಾರೇಜಿನ ಡಬ್ಬದಲ್ಲಿರುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ, ಆರು ತಿಂಗಳಲ್ಲಿ ಪಿನ್ ಮತ್ತೆ ಹಿಡಿಯುತ್ತದೆ.

ಎರಡನೆಯದು ಥರ್ಮೋಸ್ಟ್ಯಾಟ್ ವಾಲ್ವ್. ನಮ್ಮಲ್ಲಿ ಗಾಡಿ ಒಮ್ಮೆ ಹೀಟ್ ಆದರೆ ಸಾಕು, “ನಮ್ ಕಡೆ ಬಿಸಿಲಿಗೆ ಇದು ಬೇಡ ಸಾರ್” ಎಂದು ವಾಲ್ವ್ ಕಿತ್ತುಹಾಕುವ ಅಭ್ಯಾಸ ತುಂಬ ಇದೆ. ಟೆಂಪರೇಚರ್ ಮುಳ್ಳು ಕೆಳಗೇ ಇರುವುದರಿಂದ ಮಾಲೀಕರಿಗೂ ಸಮಾಧಾನ. ಆದರೆ ಆ ವಾಲ್ವ್ ಇರುವುದೇ 80 ಡಿಗ್ರಿ ಆಸುಪಾಸಿಗೆ ಬರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ಎಂಜಿನ್ ಬೇಗ ಬಿಸಿಯಾಗಲಿ ಎಂದು. ಅದಿಲ್ಲದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಎಂ (ಎಂಜಿನ್‌ನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಜೊತೆಗೆ ಆಯಿಲ್ ದಪ್ಪಗೇ ಉಳಿಯುತ್ತದೆ. ನಿಮ್ಮ ಹಾಗೆ ಊರೊಳಗೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಇದರ ಪೆಟ್ಟು ಜೋರು.

ಪರೀಕ್ಷೆ ಸುಲಭ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಎಂಜಿನ್‌ನಿಂದ ರೇಡಿಯೇಟರ್‌ನ ಮೇಲ್ಭಾಗಕ್ಕೆ ಹೋಗುವ ದಪ್ಪ ಹೋಸ್ ಮುಟ್ಟಿ ನೋಡುತ್ತಿರಿ. ಫ್ಯಾನಿನಿಂದ ಕೈ ದೂರವಿರಲಿ. ವಾಲ್ವ್ ಸರಿಯಿದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ವಾಲ್ವ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಹೈವೇಯಲ್ಲಿ ಓಡುವಾಗ ಮುಳ್ಳು ಕೆಳಗಿಳಿದು ಸಿಗ್ನಲ್‌ನಲ್ಲಿ ನಿಂತಾಗ ಮೇಲೇರುವುದೂ ಇದೇ ಲಕ್ಷಣ. ಹೊಸ ವಾಲ್ವ್ ಹಾಕುವ ಮುನ್ನ ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ತೆರೆಯುತ್ತದಾ ನೋಡಿ. ಹಾಕಿದ ಮೇಲೆ ಬರೀ ನಲ್ಲಿ ನೀರು ತುಂಬದೆ ಕೂಲೆಂಟ್ ತುಂಬಿಸಿ, ಗಾಳಿ ಹೊರಹಾಕಿಸಿ. ಅಂದಹಾಗೆ, ಹಿಂದೆ ಯಾಕೆ ಕಿತ್ತರು ಎಂಬುದನ್ನೂ ಕೇಳಬೇಕು. ರೇಡಿಯೇಟರ್ ಕಟ್ಟಿಕೊಂಡಿದ್ದರೆ ವಾಲ್ವ್ ಹಾಕಿದ ದಿನವೇ ಹೀಟ್ ಆಗಬಹುದು.

ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯೇ ಎಂದು ತಿಳಿಯಲು ಸ್ಕ್ಯಾನರ್‌ಗಿಂತ ಅಗ್ಗದ ದಾರಿಯೊಂದಿದೆ: ಎಮಿಷನ್ ಟೆಸ್ಟ್. ಚೀಟಿಗೋಸ್ಕರ ಮಾಡಿಸದೆ, ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಿರುವಾಗ ಹೋಗಿ, ಅವರ ಪೈಪನ್ನು ಸೈಲೆನ್ಸರ್ ಒಳಗೆ ಪೂರ್ತಿ ಹಾಕಿಸಿ, ಪರದೆಯ ಮೇಲಿನ ಸಿಒ (ಕಾರ್ಬನ್ ಮಾನಾಕ್ಸೈಡ್) ಅಂಕಿ ನೋಡಿ. ನಿಮ್ಮ ಗಾಡಿಗೆ ಮಿತಿ ಶೇ 0.5. ಅದನ್ನು ದಾಟಿದರೆ ಮಿಶ್ರಣ ರಿಚ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಸಿಒ ಕಡಿಮೆಯಿದ್ದು ಎಚ್‌ಸಿ (ಸುಡದೆ ಉಳಿದ ಪೆಟ್ರೋಲ್) ಮಾತ್ರ ಹೆಚ್ಚಿದ್ದರೆ ಪ್ಲಗ್, ವೈರ್ ಕಡೆ ನೋಡಬೇಕು, ಯಾವುದೋ ಸಿಲಿಂಡರ್‌ನಲ್ಲಿ ಕಿಡಿ ಮಿಸ್ ಆಗುತ್ತಿದೆ.

ರಿಚ್ ಎಂದು ಗೊತ್ತಾದರೆ ಮೊದಲು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಕನೆಕ್ಟರ್ ತೆಗೆದು ಮಲ್ಟಿಮೀಟರ್ ಹಿಡಿದರೆ ಬೆಳಗಿನ ತಂಪಿನಲ್ಲಿ ಎರಡರಿಂದ ಎರಡೂವರೆ ಕಿಲೋ ಓಮ್, ಎಂಜಿನ್ ಪೂರ್ತಿ ಬಿಸಿಯಾದಾಗ ಸುಮಾರು 300 ಓಮ್ ತೋರಿಸಬೇಕು. ಬಿಸಿಯಲ್ಲೂ ಸಾವಿರದ ಮೇಲಿದ್ದರೆ ಅದು ಇಸಿಎಂಗೆ ಸುಳ್ಳು ಹೇಳುತ್ತಿದೆ. ಆಮೇಲೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್: ಬಿಸಿ ಎಂಜಿನ್‌ನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಒಂದೇ ಕಡೆ ನಿಂತಿದ್ದರೆ ಸೆನ್ಸರ್ ಸತ್ತಿರಬಹುದು, ಅಥವಾ ಮಿಶ್ರಣವೇ ಅಷ್ಟು ಕೆಟ್ಟಿರಬಹುದು. ಅದಕ್ಕೇ ದುಬಾರಿಯಾದ ಇದನ್ನು ಕೊನೆಗೆ ಬದಲಿಸಬೇಕು, ಮೊದಲಿಗಲ್ಲ.

ಏರ್ ಫಿಲ್ಟರ್ ಬಗ್ಗೆ ಎಲ್ಲರೂ ಮೊದಲು ಹೇಳುತ್ತಾರೆ. ಕಾರ್ಬುರೇಟರ್ ಇದ್ದ ಹಳೆ ಮಾರುತಿ 800ಕ್ಕೆ ಅದು ನಿಜ. ಎಂಪಿಎಫ್‌ಐನಲ್ಲಿ ಬಂದ ಗಾಳಿಗೆ ತಕ್ಕಂತೆಯೇ ಪೆಟ್ರೋಲ್ ಹೋಗುವುದರಿಂದ ಫಿಲ್ಟರ್ ಕಟ್ಟಿದರೆ ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಅಷ್ಟೇನೂ ಬೀಳದು. ಬದಲಿಸಿ, ಆದರೆ ಪವಾಡ ನಿರೀಕ್ಷಿಸಬೇಡಿ. ಮೂರು ಪ್ಲಗ್ ಬಿಚ್ಚಿಸಿ ತುದಿ ನೋಡಿ: ತಿಳಿ ಕಂದು ಇದ್ದರೆ ಸರಿ, ಒಣ ಮಸಿ ಇದ್ದರೆ ರಿಚ್, ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಒಳಗೆ ಬರುತ್ತಿದೆ. “ಹಳೆ ಎಂಜಿನ್‌ಗೆ ದಪ್ಪ ಆಯಿಲ್” ಎಂದು 20ಡಬ್ಲ್ಯೂ-50 ಸುರಿಯುವವರಿದ್ದಾರೆ; ಹೊಗೆ ಬರದಿದ್ದರೆ ಮ್ಯಾನುಯಲ್‌ನಲ್ಲಿರುವ ಗ್ರೇಡನ್ನೇ ಹಾಕಿ, ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿಸಬೇಡಿ.

ನಿಮ್ಮ ನಷ್ಟದಲ್ಲಿ ಒಂದು ಪಾಲು ಮಾತ್ರ ವಾಪಸು ಬರುವುದಿಲ್ಲ, ಅದು ಪೆಟ್ರೋಲಿನದು. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತದ್ದು. ಹಳೆಯ ಕಾರುಗಳಲ್ಲಿ ಶೇ 6-7 ಮೈಲೇಜ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. 17ರಲ್ಲಿ ಅದು ಒಂದು ಕಿ.ಮೀ. ಚಿಲ್ಲರೆ, ಐದಲ್ಲ. ಆದರೆ ಇದೇ ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಬಿರಿಯಿಸುತ್ತದೆ. ಟ್ಯಾಂಕಿನ ಬಳಿ, ಎಂಜಿನ್ ಬಳಿ ಹೋಸ್ ಬಗ್ಗಿಸಿ ನೋಡಿ. ಸೀಳು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಅಂದೇ ಬದಲಿಸಿ. ಮೈಲೇಜಿಗಿಂತ ಬೆಂಕಿಯ ಭಯ ಅದರಲ್ಲಿ ಹೆಚ್ಚು.

ಮಂಗಳೂರಿಗೆ ಹೋಗುವವರಾದ್ದರಿಂದ ಘಾಟಿಯದೂ ಒಂದು ಮಾತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಕಾರ್ಬುರೇಟರ್ ಕಾಲದ ನಂಬಿಕೆ. ಎಂಪಿಎಫ್‌ಐನಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಬಂದ್ ಆಗುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲ್‌ಗೆ (ಎಂಜಿನ್ ಸುಮ್ಮನೆ ಓಡುತ್ತಿರಲು) ಬೇಕಾದ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ: ಒಂದೆರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನ ವ್ಯಾಕ್ಯೂಮ್ ಖಾಲಿಯಾಗಿ ಬ್ರೇಕ್ ಕಲ್ಲಾಗುತ್ತದೆ. ಶಿರಾಡಿ ಇಳಿಯುವಾಗ ಮೂರನೇ ಗೇರ್, ತಿರುವು ಬಿಗಿಯಿದ್ದಲ್ಲಿ ಎರಡನೆಯದು. ಸಮತಟ್ಟಿನಲ್ಲಿ ಎಂಜಿನ್ ನಡುಗದ ಮಟ್ಟಿಗೆ ಬೇಗ ಮೇಲಿನ ಗೇರ್‌ಗೆ ಹೋಗಿ, ಹೈವೇಯಲ್ಲಿ 70ರ ಆಸುಪಾಸು ಇಡಿ. 90 ದಾಟಿದ ಮೇಲೆ ಈ ಪುಟ್ಟ ಎಂಜಿನ್ ಗಾಳಿ ಸೀಳುವುದಕ್ಕೇ ಹೆಚ್ಚಿನ ಪೆಟ್ರೋಲ್ ಸುಡುತ್ತದೆ.

ಇಂಜೆಕ್ಟರ್ ಕ್ಲೀನಿಂಗ್ ಯಾವಾಗ ಅಂದರೆ, ಮೇಲಿನದೆಲ್ಲ ಸರಿಯಿದ್ದೂ ಐಡಲ್ ನಡುಗುತ್ತಿದ್ದಾಗ. ಆಗಲೂ ಇಂಜೆಕ್ಟರ್ ಬಿಚ್ಚಿ ಬೆಂಚಿನ ಮೇಲೆ ಮೂರರ ಸ್ಪ್ರೇಯನ್ನೂ ನಿಮ್ಮೆದುರೇ ತೋರಿಸುವವರಲ್ಲಿ ಮಾಡಿಸಿ, ಟ್ಯಾಂಕಿಗೆ ಬಾಟಲಿ ಸುರಿಯುವವರಲ್ಲಿ ಅಲ್ಲ. ಡಿಕಾರ್ಬನ್‌ಗೆ ಮುನ್ನ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಮೂರು ಸಿಲಿಂಡರ್ ನಡುವೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆಯಿರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಅಂಕಿ ಏರಿದರೆ ತೊಂದರೆ ಪಿಸ್ಟನ್ ರಿಂಗ್‌ನದು, ಏರದಿದ್ದರೆ ಎಂಜಿನ್ ವಾಲ್ವ್‌ನದು (ಥರ್ಮೋಸ್ಟ್ಯಾಟ್ ಅಲ್ಲ). ವಾಲ್ವ್ ಅಂದ ಕೂಡಲೇ ಹೆಡ್ ಬಿಚ್ಚಲು ಬಿಡಬೇಡಿ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಣ್ಣ ಅಂತರ) ಸರಿಮಾಡಿಸಿ ಇನ್ನೊಮ್ಮೆ ಅಳೆಯಿಸಿ.