ಅಕ್ಕಿ ಡಬ್ಬದ ಲೋಟ ಬದಲಿಸಿ

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮ ಮನೆಯವರಿಗೆ 52 ವರ್ಷ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ 6.2 ಬಂತು. ಡಾಕ್ಟರು ಮಾತ್ರೆ ಬರೆದಿಲ್ಲ. ‘ಬಾರ್ಡರ್‌ನಲ್ಲಿದೆ, ಅನ್ನ ಕಡಿಮೆ ಮಾಡಿ, ತೂಕ ಇಳಿಸಿ’ ಅಂದರು. ಬೆಂಗಳೂರಲ್ಲಿರುವ ಮಗ ಲೋ ಕಾರ್ಬ್ ಅಂತ, ಅಂದರೆ ಪಿಷ್ಟ, ಸಕ್ಕರೆ ಕಡಿಮೆ ಇರುವ ಊಟದ್ದು, ಒಂದು ಪಟ್ಟಿ ಕಳಿಸಿದ. ಬಾದಾಮಿ ಹಿಟ್ಟು, ಆಲಿವ್ ಎಣ್ಣೆ, ಅವಕಾಡೊ, ಬ್ರೊಕೊಲಿ, ಚೀಸ್. ಅರ್ಧ ಸಾಮಾನು ತರುವಷ್ಟರಲ್ಲೇ ಎರಡೂವರೆ ಸಾವಿರ ಖಾಲಿ. ಬಾದಾಮಿ ಹಿಟ್ಟಿನ ರೊಟ್ಟಿ ಕಾವಲಿ ಮೇಲೇ ಪುಡಿಪುಡಿ ಆಯ್ತು, ಅವರು ಎರಡು ತುತ್ತು ತಿಂದು ‘ಅನ್ನ ಇದ್ಯಾ?’ ಅಂದರು. ಮನೆಯಲ್ಲಿ 78 ವರ್ಷದ ಅತ್ತೆ ಇದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ದಿನಾ ಎರಡೆರಡು ಅಡುಗೆ ನನ್ನಿಂದ ಆಗುವುದಿಲ್ಲ. ಭಾನುವಾರ ಸಂತೆಯಿಂದ ಏನು ತರಲಿ, ವಾರ ಹೇಗೆ ತೂಗಿಸಲಿ? ಸೋಮವಾರ ನಮ್ಮಲ್ಲಿ ಮೀನಿಲ್ಲ.
– ಒಬ್ಬ ಓದುಗಿ, ಕಾರವಾರ

ಉತ್ತರ: ಆ ಬಾದಾಮಿ ಹಿಟ್ಟನ್ನು ಫ್ರಿಜ್ಜಿನಲ್ಲಿಡಿ, ಹಬ್ಬಕ್ಕೆ ಬರ್ಫಿ ಮಾಡಬಹುದು. ಮಗನ ಮೇಲೆ ಸಿಟ್ಟು ಬೇಡ. ಅವನು ಕಳಿಸಿದ್ದು ಮೂರು ಹೊತ್ತು ಬ್ರೆಡ್ ತಿನ್ನುವ ಊರಿನವರ ಪಟ್ಟಿ. ಅವರಿಗೆ ಬ್ರೆಡ್ಡಿನ ಜಾಗಕ್ಕೆ ಇನ್ನೊಂದು ಬ್ರೆಡ್ ಬೇಕು, ಅದಕ್ಕೆ ಬಾದಾಮಿ ಹಿಟ್ಟು. ಕಾರವಾರದಲ್ಲಿ ಕೂತು ನಮಗೆ ಅದು ಯಾಕೆ ಹೇಳಿ? ಬಂಗಡೆ, ತಾರ್ಲೆ (ಬೂತಾಯಿ), ಮೊಟ್ಟೆ, ತೆಂಗಿನಕಾಯಿ, ಬಸಳೆ, ಹರಿವೆ, ಹೀರೇಕಾಯಿ ಎಲ್ಲ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಮೀನಿನಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು. ಒಂದು ಮೊಟ್ಟೆಯಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ. ನಮ್ಮ ಎಡವಟ್ಟು ಇರುವುದು ಬಡಿಸುವ ರೀತಿಯಲ್ಲಿ: ನಡುವೆ ಗುಡ್ಡದಷ್ಟು ಅನ್ನ, ಅದರ ಬುಡಕ್ಕೆ ಒಂದು ತುಂಡು ಮೀನು, ಮೂಲೆಯಲ್ಲಿ ಉಪ್ಪಿನಕಾಯಿಯಷ್ಟು ಪಲ್ಯ.

ಹಾಗಾಗಿ ಮೊದಲ ವಾರ ಹೊಸ ಸಾಮಾನು ಏನೂ ಬೇಡ. ಅಡುಗೆಮನೆಯ ಸಣ್ಣ ತಕ್ಕಡಿ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಯಜಮಾನರಿಗೆ ದಿನಾ ಬಡಿಸುವಷ್ಟೇ ಅನ್ನ ಬಡಿಸಿ ತೂಗಿ ನೋಡಿ. ಮೂರು ವರ್ಷದ ಹಿಂದೆ ನಾನೂ ತೂಗಿದ್ದೆ. ‘ನಾನು ತಿನ್ನೋದೇ ಒಂದು ಮುಷ್ಟಿ ಅನ್ನ’ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದವಳು ನಾನು, ತಕ್ಕಡಿ ತೋರಿಸಿದ್ದು 310 ಗ್ರಾಂ! 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ. ಅಂದರೆ ನನ್ನ ಒಂದು ಹೊತ್ತಿನ ‘ಮುಷ್ಟಿ’ಯಲ್ಲಿ 87 ಗ್ರಾಂ. ದಿನಕ್ಕೆ 130 ಗ್ರಾಂ ಒಳಗಿದ್ದರೆ ಅದನ್ನು ಲೋ ಕಾರ್ಬ್ ಅನ್ನುತ್ತಾರೆ. ಕೀಟೊ ಅಂದರೆ ಇನ್ನೂ ಬಿಗಿ, 50ಕ್ಕಿಂತ ಕೆಳಗೆ. ಅದರ ತಂಟೆಗೆ ನೀವು ಹೋಗಬೇಡಿ. ಡಾಕ್ಟರು ಹೇಳಿದ್ದು ಕಡಿಮೆ ಮಾಡಿ ಅಂತ, ಬಿಟ್ಟೇಬಿಡಿ ಅಂತ ಅಲ್ಲವಲ್ಲ.

ಮಧ್ಯಾಹ್ನ 100 ಗ್ರಾಂ ಅನ್ನ, ರಾತ್ರಿ 100 ಗ್ರಾಂ. ಸಾರು ಬಡಿಸುವ ಚಿಕ್ಕ ಬಟ್ಟಲಿಗೆ ಒತ್ತದೆ ತುಂಬಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಇದಕ್ಕೆ 56 ಹೋಯ್ತು. ತಿಂಡಿಗೆ 25–30 ಇಟ್ಟುಕೊಂಡರೂ ತರಕಾರಿ, ಕಾಯಿ, ಹಾಲು, ಮೊಸರಿಗೆಲ್ಲ ಜಾಗ ಉಳಿಯುತ್ತದೆ. ಇನ್ನು ಅಕ್ಕಿ ಡಬ್ಬದೊಳಗೆ ನೀವು ಅಳೆಯುವ ಲೋಟ ಒಂದಿರುತ್ತದಲ್ಲ, ಅದನ್ನು ತೆಗೆದು ಚಿಕ್ಕದು ಹಾಕಿ. ಇದು ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕೈಗೆ ಲೋಟದ ಲೆಕ್ಕ ಗೊತ್ತು, ಗ್ರಾಂ ಗೊತ್ತಿಲ್ಲ. ಹಳೇ ಲೋಟ ಇದ್ದರೆ ಹಳೇ ಅನ್ನವೇ ಆಗುತ್ತದೆ, ಅನ್ನ ಉಳಿದರೆ ‘ಸುಮ್ನೆ ಯಾಕೆ ಚೆಲ್ಲೋದು’ ಅಂತ ಯಾರದೋ ತಟ್ಟೆಗೆ ಬೀಳುತ್ತದೆ. ಯಾರದು ಅಂತ ನಿಮಗೇ ಗೊತ್ತು.

ಅತ್ತೆಯವರ ಅನ್ನಕ್ಕೆ ಮಾತ್ರ ಕೈ ಹಾಕಬೇಡಿ. ಆ ವಯಸ್ಸಿನಲ್ಲಿ ಊಟವೇ ಕಡಿಮೆ, ತೂಕ ಇಳಿದರೆ ನಿಶ್ಶಕ್ತಿ. ಮಗಳಿಗೂ ಈ ಲೆಕ್ಕ ಬೇಡ. ಅಡುಗೆ ಒಂದೇ ಇರಲಿ, ಬಡಿಸುವಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಅಳತೆ.

ಈಗ ಸಂತೆ. ಕಾರವಾರದ ಭಾನುವಾರದ ಸಂತೆಗೆ ಘಟ್ಟದ ಮೇಲಿನ ತರಕಾರಿಯೂ ಬರುತ್ತದೆ, ಸುತ್ತಲಿನ ಹಳ್ಳಿಯ ಹೆಂಗಸರು ತರುವ ಸೊಪ್ಪೂ ಸಿಗುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ. ಅನ್ನ ಅರ್ಧ ಮಾಡುತ್ತಾರೆ, ತರಕಾರಿ ಚೀಲ ಮಾತ್ರ ಮೊದಲಿನಷ್ಟೇ. ನಾನೂ ಹಾಗೇ ಮಾಡಿದ್ದು. ಮಧ್ಯಾಹ್ನ ಊಟ ಮುಗಿಸಿ ‘ಆಹಾ, ಎಷ್ಟು ಸಲೀಸು’ ಅಂದುಕೊಂಡೆ. ನಾಲ್ಕು ಗಂಟೆಗೆ ಹೊಟ್ಟೆ ಕಿವುಚಲು ಶುರುವಾಯ್ತು. ಅವಲಕ್ಕಿ ಚೂಡಾದ ಡಬ್ಬ ತೆರೆದು ನಿಂತಲ್ಲೇ ಮುಕ್ಕಾಲು ಡಬ್ಬ ಖಾಲಿ ಮಾಡಿದೆ, ಅದೂ ಬಾಗಿಲ ಮರೆಯಲ್ಲಿ. ಅನ್ನ ಬಿಟ್ಟ ಜಾಗ ತುಂಬದಿದ್ದರೆ ಯಾರಿಗಾದರೂ ಹೀಗೇ ಆಗುತ್ತದೆ. ನಾಲ್ಕು ಜನಕ್ಕೆ ದಿನಕ್ಕೆ ಅರ್ಧ ಕೆಜಿ ತರಕಾರಿ ಆಗುತ್ತಿದ್ದರೆ ಇನ್ನು ಒಂದು ಕೆಜಿ ಅಂತ ಲೆಕ್ಕ ಹಿಡಿಯಿರಿ.

ಬಾಡುವಂಥದ್ದು ಮೊದಲು, ಬಾಳುವಂಥದ್ದು ಆಮೇಲೆ. ಬಸಳೆ, ಹರಿವೆ ಸೋಮವಾರ, ಮಂಗಳವಾರಕ್ಕೆ ಮುಗಿಯಲಿ. ಬೆಂಡೆ, ಹೀರೆ, ಅಲಸಂದೆ ನಡುವಿನ ದಿನಗಳಿಗೆ. ಎಲೆಕೋಸು, ಮೊಗೆಕಾಯಿ, ಹಾಗಲಕಾಯಿ ಶುಕ್ರವಾರ, ಶನಿವಾರಕ್ಕೆ. ಬಟಾಟೆ, ಗೆಣಸು, ಸುವರ್ಣಗೆಡ್ಡೆ, ಬಾಳೆಕಾಯಿ ತರಬೇಡಿ ಅನ್ನುವುದಿಲ್ಲ, ಆದರೆ ಅವು ತರಕಾರಿ ಲೆಕ್ಕಕ್ಕಲ್ಲ, ಅನ್ನದ ಲೆಕ್ಕಕ್ಕೆ. ಬಟಾಟೆ ಭಾಜಿ ಮಾಡಿದ ದಿನ ಬಟ್ಟಲ ಅನ್ನ ಅರ್ಧ. ಬೀನ್ಸ್ ಬೇಕಾದರೆ ತನ್ನಿ. ಬ್ರೊಕೊಲಿ ಬೇಡವೇ ಬೇಡ, ಅದು ಮಾಡುವ ಕೆಲಸ ಹೂಕೋಸು ಮಾಡುತ್ತದೆ.

ಮೀನು ಒಟ್ಟಿಗೇ ತಂದು ಫ್ರೀಜರ್‌ನಲ್ಲಿ ತುಂಬುವ ಅಭ್ಯಾಸ ನಮ್ಮ ಕಡೆ ಇಲ್ಲ, ಬೇಕಾಗಿಯೂ ಇಲ್ಲ. ವಾರಕ್ಕೆ ಮೂರ್ನಾಲ್ಕು ಸಲ ಹೋಗಿ, ಇಸವಾಣಕ್ಕೆ (ಅಂಜಲ್ ಮೀನು) ಕಣ್ಣು ಹಾಕದೆ ಬಂಗಡೆ, ತಾರ್ಲೆ ಹಿಡಿಯಿರಿ. 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್, ಒಳ್ಳೆಯ ಕೊಬ್ಬು ಬೇರೆ. ಯಜಮಾನರಿಗೆ ಒಂದರ ಬದಲು ಎರಡು ಬಂಗಡೆ ಹಾಕಿ. ನಮ್ಮ ರವಾ ಫ್ರೈ ಬಗ್ಗೆ ತುಂಬ ಜನ ಕೇಳುತ್ತಾರೆ. ರವೆ ತೆಳ್ಳಗೆ ಅಂಟಿಕೊಂಡರೆ ಪ್ರಾಣ ಹೋಗುವಂಥದ್ದೇನಿಲ್ಲ, ಆದರೆ ದಿನಾ ಬೇಡ. ಖಾರ, ಅರಿಶಿನ, ಹುಳಿ ಹಚ್ಚಿ ಅರ್ಧ ಗಂಟೆ ಇಟ್ಟು, ಕಾವಲಿ ಚೆನ್ನಾಗಿ ಕಾದ ಮೇಲೆ ತೆಂಗಿನೆಣ್ಣೆ ಬಿಟ್ಟು ಹಾಕಿ. ಅಂಚು ತಾನೇ ಬಿಡುವ ತನಕ ಮುಟ್ಟಬೇಡಿ. ಅವಸರ ಮಾಡಿ ಎತ್ತಿದರೆ ಚರ್ಮ ಕಾವಲಿಯಲ್ಲಿ, ಮೀನು ನಿಮ್ಮ ಕೈಯಲ್ಲಿ. ಕಾಯಿ ಹಾಕಿದ ಸಾರಿಗೂ ಹೆದರಬೇಡಿ, ಕಾಯಿತುರಿಯಲ್ಲಿ ಕಾರ್ಬ್ ಕಡಿಮೆ, ಕೊಬ್ಬು ಜಾಸ್ತಿ. ತೂಕ ಇಳಿಯಬೇಕಾದ್ದರಿಂದ ಇಡೀ ಕಾಯಿ ಬದಲು ಅರ್ಧ ಹಾಕಿ, ಅಷ್ಟೇ. ಮೀನಿಲ್ಲದ ಸೋಮವಾರ ಹೆಸರುಕಾಳಿನ ಸುಕ್ಕೆ (ಕಾಯಿ ಮಸಾಲೆಯ ಗಟ್ಟಿ ಪಲ್ಯ), ಬಸಳೆ ಹುಳಿ, ಒಂದು ಲೋಟ ಮಜ್ಜಿಗೆ.

ಕಷ್ಟ ಇರುವುದು ಬೆಳಿಗ್ಗೆಯ ತಿಂಡಿಗೆ. ಪಾವ್-ಭಾಜಿ, ದೋಸೆ, ಅವಲಕ್ಕಿ, ಬನ್ಸ್ ಎಲ್ಲವೂ ಕಾರ್ಬೇ. ವಾರಕ್ಕೆ ಮೂರು ದಿನ ಎರಡು ಮೊಟ್ಟೆಯ ಆಮ್ಲೆಟ್ಟು, ಜೊತೆಗೆ ಅರ್ಧ ಪಾವ್. ಪಾವ್ ತರುವವರ ಹತ್ತಿರ ಎಣಿಸಿಯೇ ತಗೊಳ್ಳಿ, ಜಾಸ್ತಿ ಇದ್ದರೆ ಜಾಸ್ತಿಯೇ ಹೋಗುತ್ತದೆ. ಎರಡು ದಿನ ನೆನೆಸಿದ ಹೆಸರುಕಾಳು ಬೀಸಿ ಹಸಿಮೆಣಸು, ಶುಂಠಿ ಹಾಕಿದ ದೋಸೆ. 40 ಗ್ರಾಂ ಕಾಳಿನ ದೋಸೆಯಲ್ಲಿ 25 ಗ್ರಾಂ ಒಳಗೇ ಕಾರ್ಬ್, 9 ಗ್ರಾಂ ಪ್ರೋಟೀನ್. ಉಳಿದ ಎರಡು ದಿನ ಮಾಮೂಲಿ ದೋಸೆ, ಆದರೆ ಒಂದೇ. ಚಹಾಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ಮೂರು ಚಹಾ ಅಂದರೆ ಅದೇ 25 ಗ್ರಾಂ ದಾಟುತ್ತದೆ. ಅನ್ನ ಬಿಡುವುದಕ್ಕಿಂತ ಇದನ್ನು ಬಿಡುವುದು ಸುಲಭ, ಹತ್ತು ದಿನದಲ್ಲಿ ನಾಲಿಗೆ ಒಗ್ಗುತ್ತದೆ. ಸಂಜೆಗೆ ಒಂದು ಹಿಡಿ ಹುರಿದ ಶೇಂಗಾ.

ಅನ್ನದ ಬದಲು ಚಪಾತಿ ತಿಂದರೆ ಶುಗರ್ ಇಳಿಯುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 20 ಗ್ರಾಂ ಕಾರ್ಬ್ ಇದೆ. ಎರಡು ತಿಂದರೆ ನಮ್ಮ ಬಟ್ಟಲ ಅನ್ನಕ್ಕಿಂತ ಜಾಸ್ತಿಯೇ ಆಯ್ತು. ರಾಗಿಯೂ ಹಾಗೇ. ಕುಚ್ಚಲಕ್ಕಿ ಅನ್ನ ಸ್ವಲ್ಪ ನಿಧಾನಕ್ಕೆ ಅರಗುತ್ತದೆ, ಅದು ಒಳ್ಳೆಯದೇ, ಹಾಗಂತ ಎರಡು ಬಟ್ಟಲು ಹಾಕಿಕೊಳ್ಳಲು ಅದೇನು ಪರವಾನಗಿ ಅಲ್ಲ.

ಮೊದಲ ವಾರ ತೂಕ ಒಂದೂವರೆ-ಎರಡು ಕೆಜಿ ಇಳಿಯಬಹುದು. ಕುಣಿಯಬೇಡಿ, ಅದರಲ್ಲಿ ಹೆಚ್ಚಿನದು ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಕರಗುವಾಗ ಅದರ ಜೊತೆಗಿದ್ದ ನೀರು, ಉಪ್ಪು ಹೋಗುತ್ತದೆ. ತಲೆನೋವು, ಸುಸ್ತು ಬರುವುದೂ ಅದಕ್ಕೇ. ಬಿಪಿ ಇಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಸಾಕು. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಅಕ್ಕಾ, ಲೋ ಕಾರ್ಬ್ ಅಂತ ಎಲ್ಲಿ ಓದಿದರೂ ಮೀನು, ಮೊಟ್ಟೆ, ಕೋಳಿ. ನಮ್ಮನೆಯಲ್ಲಿ ಅದ್ಯಾವುದೂ ಇಲ್ಲ. ಅನ್ನ ಬಿಟ್ಟರೆ ತಂಬುಳಿ ಯಾವುದಕ್ಕೆ ಕಲಸಿಕೊಳ್ಳೋದು?
– ಶಿರಸಿ ಹತ್ತಿರದ ಹಳ್ಳಿಯ ಗೃಹಿಣಿ

ಉತ್ತರ: ಕಲಸಿಕೊಳ್ಳಬೇಡಿ, ಕುಡಿಯಿರಿ! ಒಂದೆಲಗದ್ದೋ ಸಾಂಬಾರಸೊಪ್ಪಿನದ್ದೋ ತಂಬುಳಿ ಲೋಟಕ್ಕೆ ಹಾಕಿಕೊಂಡು ಕುಡಿದರೆ ಅದೇ ಒಂದು ಊಟದಷ್ಟು ಸಮಾಧಾನ. ಮಾವಿನಕಾಯಿಯ ಅಪ್ಪೆಹುಳಿಯೂ ಹಾಗೇ. ಹಶಿ (ಮೊಸರು ಸೇರಿಸಿದ ತರಕಾರಿ ಪಚಡಿ), ಪಲ್ಯ ಎರಡೂ ಜಾಸ್ತಿ ಮಾಡಿ.

ನಿಮ್ಮ ನಿಜವಾದ ಸಮಸ್ಯೆ ಪ್ರೋಟೀನ್. 60 ಕೆಜಿ ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಬೇಳೆಯಿಂದಲೇ ಅಷ್ಟು ತರಲು ಹೋದರೆ ಕಾರ್ಬ್ ಕೂಡ ಹಿಂದೆಯೇ ಬರುತ್ತದೆ, ತೊಗರಿಬೇಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬೇ. ಹಾಗಾಗಿ ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಕೂಡಿಸಿ: ಒಂದು ಬಟ್ಟಲು ಮೊಳಕೆ ಹೆಸರುಕಾಳು, ಎರಡು ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಶೇಂಗಾ, 100 ಗ್ರಾಂ ಪನೀರ್. ಮನೆಯಲ್ಲಿ ಹಾಲು ಇದ್ದರೆ ಲಿಂಬೆಹುಳಿ ಹಿಂಡಿ ಪನೀರ್ ನೀವೇ ಮಾಡಬಹುದು, ಪೇಟೆಗೆ ಹೋಗುವ ಕೆಲಸವಿಲ್ಲ. ಸೋಯಾ ತುಂಡು ಹಿಡಿಸಿದರೆ ಅದೂ ಆಗುತ್ತದೆ, 30 ಗ್ರಾಂನಲ್ಲಿ 15 ಗ್ರಾಂ ಪ್ರೋಟೀನ್. ನನಗಂತೂ ಹಿಡಿಸಲ್ಲ, ರಬ್ಬರು ಜಗಿದ ಹಾಗೆ.

ಎಳೆ ಹಲಸಿನ ಪಲ್ಯ ತಿನ್ನಿ. ಬಲಿತ ಬೀಜ, ಹಣ್ಣಿನ ಸೊಳೆ ಮಿತಿಯಲ್ಲಿರಲಿ. ಸಕ್ಕರೆ ಬಿಟ್ಟು ಜೋನಿ ಬೆಲ್ಲ ಸುರಿದುಕೊಳ್ಳುವವರನ್ನು ತುಂಬ ನೋಡಿದ್ದೇನೆ. ರುಚಿ ಬೇರೆ, ಶುಗರ್ ಲೆಕ್ಕದಲ್ಲಿ ಎರಡೂ ಒಂದೇ ಜಾತಿ.

ಪ್ರಶ್ನೆ: ಜೂನ್ ಬಂದರೆ ಮೀನು ತುಟ್ಟಿ. ಆಗ ಏನು ಮಾಡೋದು?
– ಓದುಗರು, ಅಂಕೋಲಾ

ಉತ್ತರ: ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ. ಮೇ ಮುಗಿಯುವ ಮೊದಲೇ ಒಣ ಬಂಗಡೆ, ಒಣ ಶೆಟ್ಲಿ (ಸಿಗಡಿ) ತಂದು ಗಾಳಿಯಾಡದ ಡಬ್ಬದಲ್ಲಿಡಿ. ಒಣಮೀನನ್ನು ನೀರಲ್ಲಿ ನೆನೆಸಿ, ಎರಡು ಸಲ ನೀರು ಬದಲಿಸಿ ಮಾಡಿ. ಬಿಪಿ ಇದ್ದವರಿಗೆ ಅದೂ ಅಪರೂಪಕ್ಕೆ ಮಾತ್ರ. ಉಳಿದ ದಿನ ಮೊಟ್ಟೆ, ಕಾಳು.

ಪ್ರಶ್ನೆ: ಐದು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳುತ್ತಿದ್ದೇನೆ. ನಾಳೆಯಿಂದಲೇ ಅನ್ನ ಪೂರ್ತಿ ಬಿಡಲಾ?
– ಹೆಸರು ಬೇಡ, ಹೊನ್ನಾವರ

ಉತ್ತರ: ಬೇಡ. ಮೊದಲು ಮಾತ್ರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದು ಅನ್ನ ಒಮ್ಮೆಲೇ ನಿಲ್ಲಿಸಿದರೆ ಶುಗರ್ ಪಾತಾಳಕ್ಕೆ ಇಳಿಯಬಹುದು: ಬೆವರು, ನಡುಕ, ಕಣ್ಣು ಕತ್ತಲೆ. ಡಪಾಗ್ಲಿಫ್ಲೋಜಿನ್ ಥರದ್ದು ಇದ್ದರೆ ಅಪಾಯ ಬೇರೆ ಥರದ್ದು, ಶುಗರ್ ಜಾಸ್ತಿ ತೋರಿಸದೆಯೂ ರಕ್ತದಲ್ಲಿ ಆಮ್ಲ ಏರಬಹುದು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಕೂಡ ಕೇಳದೆ ಶುರು ಮಾಡಬಾರದು. ಡೋಸ್ ಬದಲಿಸುವುದು ಡಾಕ್ಟರ ಕೆಲಸ, ನನ್ನದೂ ಅಲ್ಲ, ನಿಮ್ಮದೂ ಅಲ್ಲ.

ಪ್ರಶ್ನೆ: ಅನ್ನ ಕಡಿಮೆ ಮಾಡಿ ಎರಡು ತಿಂಗಳಾಯ್ತು. ಚೌತಿಗೆ ಪಕ್ಕದ ಮನೆಯವರು ಚಕ್ಕುಲಿ ಕಂಬಳಕ್ಕೆ (ಎಲ್ಲ ಸೇರಿ ಚಕ್ಕುಲಿ ಮಾಡುವುದಕ್ಕೆ) ಕರೆದಿದ್ದಾರೆ. ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.
– ಓದುಗಿ, ಸಿದ್ದಾಪುರ

ಉತ್ತರ: ಹೋಗದೆ ಇರೋದುಂಟಾ? ಹೋಗಿ, ಕೈ ಜೋಡಿಸಿ, ಬಿಸಿಬಿಸಿ ಎರಡು ತಿನ್ನಿ, ರಾತ್ರಿ ಅನ್ನದ ಬಟ್ಟಲು ತೊಳೆದು ಕವುಚಿಡಿ. ಹೊರಡುವಾಗ ಡಬ್ಬ ತುಂಬಿ ಕೊಡುತ್ತಾರೆ, ಅದನ್ನು ಬರುವ ದಾರಿಯಲ್ಲೇ ಯಾರಾದರೂ ಮಕ್ಕಳಿರುವ ಮನೆಗೆ ಕೊಟ್ಟುಬಿಡಿ.